ಒಣಗಿದ ಮೇಲೆ ಕತ್ತರಿಸಿ

“ಆಂಟಿ, ಒಣಗಿದ್ರೆ ಕೂದ್ಲು ಮೇಲೆ ಹೋಗುತ್ತೆ!”

ಗಗನಾ ಇದನ್ನು ಹೇಳಿದ್ದು ಮೂರನೇ ಸಲ. ಎರಡು ಸಲ ಹಿಂದಿಯಲ್ಲಿ, ಒಂದು ಸಲ ತನಗೆ ಬರುವಷ್ಟು ಗುಜರಾತಿಯಲ್ಲಿ.

ಪಾರ್ಲರಿನ ಜಾಗೃತಿಬೆನ್ ಕೇಳಿಸಿಕೊಳ್ಳಲಿಲ್ಲ. ಬಾಟಲಿಯಿಂದ ಚುಸ್ ಚುಸ್ ಎಂದು ನೀರು ಹೊಡೆದರು. ಒದ್ದೆಯಾದ ಗುಂಗುರು ಕೂದಲನ್ನು ಬಾಚಣಿಗೆಯಿಂದ ಭುಜದವರೆಗೂ ಎಳೆದರು. ಎರಡು ಬೆರಳಿನ ನಡುವೆ ಹಿಡಿದುಕೊಂಡು, ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ, “ಇಷ್ಟು ಸಾಕಾ?” ಎಂದು ಹಿಂದಿಯಲ್ಲಿ ಕೇಳಿದರು.

ಕೂದಲು ಗಗನಾಳದು. ಕೇಳಿದ್ದು ಅಮ್ಮನನ್ನು.

“ಸಾಕು, ಭುಜದ ತನಕ ಇರ್ಲಿ,” ಎಂದರು ಅಮ್ಮ.

ಕಚ್. ಕಚ್. ಕಚ್.

ಆಮೇಲೆ ಡ್ರೈಯರ್ ಹಾಕಿದರು. ಗಗನಾಳ ಕಣ್ಣೆದುರಿಗೇ ಕೂದಲು ಭುಜ ಬಿಟ್ಟು ಕತ್ತಿಗೆ ಏರಿತು. ಕತ್ತು ಬಿಟ್ಟು ಕಿವಿಗೆ ಏರಿತು. ಹಣೆಯ ಮೇಲಿನದು ಇನ್ನೂ ಮೇಲೆ ಹೋಗಿ ನಿಂತಿತು. ಎಡಗಡೆ ಒಂದು ಗುಡ್ಡ, ಬಲಗಡೆ ಒಂದು ಗುಂಡಿ.

ಜಾಗೃತಿಬೆನ್ ಆ ಗುಡ್ಡವನ್ನು ಅಂಗೈಯಿಂದ ಒತ್ತಿ ನೋಡಿದರು. ಮತ್ತೆ, “ಬೇಬಿಯ ಕೂದಲೇ ಖರಾಬ್. ಸ್ಮೂದನಿಂಗ್ ಮಾಡಿಸಿಬಿಡಿ, ಸೀದಾ ಆಗುತ್ತೆ,” ಎಂದರು.

ಕೂದಲೇ ಖರಾಬಂತೆ!

ಗಗನಾ ಅಮ್ಮನ ಕಡೆ ತಿರುಗಿದಳು. ಈಗ ಅಮ್ಮ ಜಗಳ ಮಾಡುತ್ತಾರೆ ಎಂದುಕೊಂಡಳು. ಅಮ್ಮ ಹೇಳಿದ್ದು ಬೇರೆಯೇ.

“ಸಾರಿ ಜಾಗೃತಿಬೆನ್. ಇವಳ ಕೂದಲು ತುಂಬಾ ತೊಂದ್ರೆ ಕೊಡುತ್ತೆ.”

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಸ್ಮೂದನಿಂಗ್ ಎಂದು ಜಾಗೃತಿಬೆನ್ ಡೈರಿಯಲ್ಲಿ ಬರೆದುಕೊಂಡರು.

ಪಾರ್ಲರ್ ಇದ್ದದ್ದು ಹಜೀರಾದ ಕಾಲನಿಯ ಒಳಗೇ. ಮನೆಗೆ ಐದು ನಿಮಿಷದ ದಾರಿ. ಐದು ನಿಮಿಷವೂ ಜಗಳ ನಡೆಯಿತು.

“ನೀನ್ಯಾಕೆ ಸಾರಿ ಹೇಳಿದ್ದು?”

“ಮರ್ಯಾದೆಗೆ ಹೇಳ್ತಾರಮ್ಮ.”

“ಕಟ್ ಮಾಡಿದ್ದು ಅವ್ರು. ಮಿಸ್ಟೇಕ್ ಅವ್ರದ್ದು. ಸಾರಿ ಮಾತ್ರ ನೀನು. ಯಾಕೆ?”

“ಗಗನಾ, ರಸ್ತೇಲಿ ಕಿರುಚ್ಬೇಡ. ಕೂದ್ಲು ತಾನೇ? ಬೆಳೆಯುತ್ತೆ.”

“ಬೆಳೆಯೋ ತನಕ ನನ್ನ ಬದ್ಲು ನೀನೇ ಸ್ಕೂಲ್‌ಗೆ ಹೋಗು!”

ಆದರೆ ಸೋಮವಾರ ಗಗನಾಳೇ ಹೋಗಬೇಕಾಯಿತು. ಬಸ್ ಹತ್ತಿದ ಕೂಡಲೇ ಹಿಂದಿನ ಸೀಟಿನಿಂದ ಧ್ರುವಿಲ್ ಕೂಗಿದ.

“ಅರೇ, ಸೇವ್ ಬಂತು, ಸೇವ್! ಲೋಚೋ ತಿಂಡಿ ಮೇಲೆ ಸುರುಳಿ ಸುರುಳಿಯಾಗಿ ಉದುರಿಸ್ತಾರಲ್ಲ, ಅದೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಗೆಳತಿ ಚಿನ್ಮಯಿಯೂ ನಕ್ಕಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಗಗನಾಳಿಗೆ ಹೆಚ್ಚು ಉರಿದದ್ದು ಆ ಕೈ ನೋಡಿ.

“ಸಂಡೇ ಸ್ಟ್ರೇಟ್ ಆಗುತ್ತಲ್ಲ, ಬಿಡು,” ಎಂದಳು ಚಿನ್ಮಯಿ.

“ಆಗಲ್ಲ. ನಾನು ಮಾಡಿಸ್ಕೊಳಲ್ಲ.”

“ಅಮ್ಮ ಮಾಡಿಸಿದ್ರೆ?”



ಬುಧವಾರ ತಲೆಗೆ ಸ್ನಾನ ಮಾಡಿದಾಗ ಅವಳಿಗೊಂದು ಯೋಚನೆ ಬಂತು. ಉದ್ದನೆಯ ಸ್ಕೇಲು ತಂದು ಕಿವಿಯ ಪಕ್ಕದ ಒಂದು ಸುರುಳಿಯನ್ನು ಎಳೆದು ಅಳೆದಳು. ಹತ್ತೊಂಬತ್ತು ಸೆಂಟಿಮೀಟರ್. ಫ್ಯಾನ್ ಕೆಳಗೆ ಕೂತು, ಪೂರ್ತಿ ಒಣಗಿದ ಮೇಲೆ ಎಳೆಯದೆ ಅದೇ ಸುರುಳಿಯನ್ನು ಅಳೆದಳು. ಹನ್ನೊಂದು!

ಚೀಟಿಯಲ್ಲಿ ಬರೆದು, ಅಡುಗೆಮನೆಗೆ ಹೋಗಿ, ಅಮ್ಮನ ಮೂಗಿನ ಮುಂದೆ ಹಿಡಿದಳು.

ಅಮ್ಮ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಸ್ಯಾಂಪಲ್ ಪರೀಕ್ಷೆ ಮಾಡುವುದೇ ಅವರ ಕೆಲಸ. ಚೀಟಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ರೀಡಿಂಗ್ ತಗೊಂಡೆ?”

“ಒಂದು.”

“ಒಂದೇ ರೀಡಿಂಗ್ ತಗೊಂಡು ಹೋದ್ರೆ ನಮ್ಮ ಸಾರ್ ಪೇಪರ್ ಹಿಂದಕ್ಕೆ ಎಸೀತಾರೆ. ಮೂರು ಕಡೆ ತಗೊ.”

ಗಗನಾಳಿಗೆ ಸಿಟ್ಟು ನೆತ್ತಿಗೇರಿತು. ಕೂದಲು ಹಾಳು ಮಾಡಿದವರಿಗೆ ಒಂದು ಪ್ರಶ್ನೆ ಇಲ್ಲ. ಕೂದಲು ಕಳಕೊಂಡವಳಿಗೆ ಮೂರು ರೀಡಿಂಗ್! ಆದರೂ ಬಚ್ಚಲಿಗೆ ಹೋಗಿ ಮತ್ತೆ ತಲೆ ಒದ್ದೆ ಮಾಡಿಕೊಂಡಳು.

ಕಿವಿಯ ಪಕ್ಕ, ಒದ್ದೆ ಹತ್ತೊಂಬತ್ತು, ಒಣಗಿದ್ದು ಹನ್ನೊಂದು. ಕತ್ತಿನ ಹಿಂದೆ, ಹದಿನಾರು, ಹನ್ನೆರಡು. ಹಣೆಯ ಮೇಲೆ, ಹದಿನಾಲ್ಕು, ಆರು.

ಈ ಸಲ ಅಮ್ಮ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತು ಓದಿದರು.

“ಒಂದೊಂದು ಕಡೆ ಒಂದೊಂದು ಥರ ಮೇಲೆ ಹೋಗಿದೆ,” ಎಂದರು. “ಒದ್ದೆ ಇದ್ದಾಗ ಎಷ್ಟು ನೇರವಾಗಿ ಕತ್ತರಿಸಿದ್ರೂ ಒಣಗಿದ ಮೇಲೆ ಸೊಟ್ಟನೇ.”

“ನಾನು ಮೂರು ಸಲ ಹೇಳ್ದೆ.”

“ಕೇಳಿಸ್ತು.”

“ಕೇಳಿಸ್ತಾ? ಮತ್ತೆ?”

ಅಮ್ಮ ಚೀಟಿಯನ್ನು ಮಡಚಿದರು, ಬಿಚ್ಚಿದರು. “ದಿನಾ ಇದೇ ಕೆಲಸ ಮಾಡೋರು, ಅವ್ರಿಗೇ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡೆ ಕಣೆ.”

ಭಾನುವಾರ ಇಬ್ಬರೂ ಪಾರ್ಲರಿಗೆ ಹೋದರು. ಗಗನಾ ಒಂದು ವಾಕ್ಯ ತಯಾರು ಮಾಡಿಕೊಂಡಿದ್ದಳು. ಖರಾಬ್ ಇರೋದು ನನ್ನ ಕೂದಲಲ್ಲ ಆಂಟಿ, ನಿಮ್ಮ ಕಟಿಂಗ್. ಹಲ್ಲುಜ್ಜುವಾಗ ಅದನ್ನು ಹಿಂದಿಯಲ್ಲಿ ಹತ್ತು ಸಲ ಹೇಳಿ ನೋಡಿದ್ದಳು.

“ಸ್ಮೂದನಿಂಗ್ ಬೇಡ. ಶೇಪ್ ಸರಿ ಮಾಡಿಕೊಡಿ. ನೀರು ಹಾಕಬೇಡಿ, ಒಣಗಿರೋ ಹಾಗೇ ಕತ್ತರಿಸಿ,” ಎಂದರು ಅಮ್ಮ.

“ನೀರಿಲ್ಲದೆಯಾ? ನಮಗೆ ಕೋರ್ಸ್‌ನಲ್ಲಿ ಹಾಗೆ ಕಲಿಸೇ ಇಲ್ಲ.”

ಅಮ್ಮ ಚೀಟಿ ಕೊಟ್ಟು, ಒದ್ದೆಯ ಅಳತೆ ಯಾವುದು, ಒಣಗಿದ್ದು ಯಾವುದು ಎಂದು ಬೆರಳಿಟ್ಟು ತೋರಿಸಿದರು. ಜಾಗೃತಿಬೆನ್ ಅದನ್ನು ಬಹಳ ಹೊತ್ತು ನೋಡಿದರು. ಬಾಟಲಿಯನ್ನು ಕನ್ನಡಿಯ ಮುಂದೆ ಇಟ್ಟುಬಿಟ್ಟರು.

ಒಂದು ಸುರುಳಿ ಕತ್ತರಿಸಿದರು. ಬಿಟ್ಟರು. ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡಿದರು. ಆಮೇಲೆ ಇನ್ನೊಂದು. ಹೊಸದಾಗಿ ಕತ್ತರಿ ಹಿಡಿದವರ ಹಾಗೆ ಒಂದೊಂದನ್ನೂ ಎರಡೆರಡು ಸಲ ಅಳೆದು ನೋಡುತ್ತಿದ್ದರು.

ಈಗ ಹೇಳಬೇಕು ಎಂದುಕೊಂಡಳು ಗಗನಾ. ಬಾಯಿ ತೆರೆದಳು.

ಅಷ್ಟರಲ್ಲಿ ಜಾಗೃತಿಬೆನ್ ಕಿವಿಯ ಹತ್ತಿರ ನೋಡಲು ಬಗ್ಗಿದರು. ಕನ್ನಡಿಯಲ್ಲಿ ಅವರ ನೆತ್ತಿ ಕಾಣಿಸಿತು. ಸೊಂಟದವರೆಗೆ ನುಣುಪಾಗಿ, ನೆಟ್ಟಗೆ ಇಳಿದ ಕೂದಲು. ಆದರೆ ಬೈತಲೆಯ ಬುಡದಲ್ಲಿ, ಬೆರಳಗಲ, ಹೊಸದಾಗಿ ಹುಟ್ಟಿದ ಕೂದಲು ಗುಂಗುರು ಗುಂಗುರಾಗಿತ್ತು. ಗಗನಾಳದ್ದಕ್ಕಿಂತಲೂ ಗುಂಗುರು.

ಗಗನಾ ನೋಡುತ್ತಲೇ ಇದ್ದಳು. ಜಾಗೃತಿಬೆನ್‌ಗೆ ಗೊತ್ತಾಯಿತು. ಅವರ ಎಡಗೈ ತಾನಾಗಿ ಬೈತಲೆಯ ಮೇಲೆ ಹೋಯಿತು.

“ಈ ತಿಂಗಳು ನಾನು ಸ್ಮೂದನಿಂಗ್ ಮಾಡಿಸ್ಕೊಳೋಕೆ ಟೈಮೇ ಸಿಕ್ಕಿಲ್ಲ ಬೇಟಾ,” ಎಂದರು. ಯಾರೋ ಬೈದಂತೆ ಅವರ ದನಿ ಸಣ್ಣದಾಗಿತ್ತು.

ಇಲ್ಲಿ ಯಾರೂ ಅವರನ್ನು ಬೈದಿರಲಿಲ್ಲ. ಬೇರೆ ಎಲ್ಲೋ, ಯಾವಾಗಲೋ, ಯಾರೋ ಬೈದಿರಬೇಕು.

ಗಗನಾ ತೆರೆದ ಬಾಯನ್ನು ಮುಚ್ಚಿದಳು. ತಲೆ ಅಲುಗಿಸದೆ ನೆಟ್ಟಗೆ ಕೂತಳು.

“ನಿಧಾನವಾಗಿ ಮಾಡಿ ಆಂಟಿ,” ಎಂದಳು. “ನಮಗೇನೂ ಅರ್ಜೆಂಟಿಲ್ಲ.”