ಹೂ ಬಿಡಲಿ, ಆಮೇಲೆ ಹೇಳ್ತೀನಿ

ಬಾಗಿಲು ತೆಗೆದಳೋ ಇಲ್ಲವೋ, ಬೆಳಗ್ಗೆ ತಿಂದದ್ದೆಲ್ಲ ಅವಳ ಗಂಟಲಿಗೆ ಬಂತು.

"ಥೂ... ಏನ್ರೀ ಇದು ವಾಸನೆ? ಇಲ್ಲಿ ಮನುಷ್ಯರು ಕೂರ್ತಾರಾ?"

ಕೂರುತ್ತಿದ್ದರು. ಒಬ್ಬನಂತೂ ಎದುರಿಗೇ ಕೂತಿದ್ದ. ಅದು ಕಾಲೇಜಿನ ಒಣಗಿಡಗಳ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಅವುಗಳ ತುಂಬ ಕಾಗದಕ್ಕೆ ಅಂಟಿಸಿದ ಗಿಡಗಳು, ಹುಳ ಹಿಡಿಯದ ಹಾಗೆ ಮೂಲೆಮೂಲೆಗೂ ಬಿಳಿ ನುಸಿಗುಳಿಗೆ. ಹನ್ನೊಂದು ವರ್ಷ ಅದೇ ಗಾಳಿ ಕುಡಿದ ಆ ಮಹಾಶಯನಿಗೆ ವಾಸನೆ ಅನ್ನೋದೇ ಮರೆತುಹೋಗಿತ್ತು. ಅಂಗಿ, ತಲೆಗೂದಲು, ಬೆರಳು, ಎಲ್ಲದರಲ್ಲೂ ನುಸಿಗುಳಿಗೆ.

ಅವಳಿಗೋ ಮೂಗೇ ಅನ್ನ. ಸೋಪಿನ ಕಾರ್ಖಾನೆಯಲ್ಲಿ ದಿನವಿಡೀ ಸೋಪು ಮೂಸಿ 'ಸರಿ', 'ಸರಿಯಿಲ್ಲ' ಅನ್ನೋ ಕೆಲಸ. ಅಲ್ಲಿ ಎಲ್ಲರಿಗೂ ಅವಳು ಮೂಗಮ್ಮ. ಪಕ್ಕದವರ ತಲೆಎಣ್ಣೆ ತಡೆಯಲಾರದೆ ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದು ನಡೆಯೋ ಜಾತಿ. ಸಂಬಂಧ ಕೇಳಿಕೊಂಡು ಬಂದ ಇಬ್ಬರನ್ನು, ಒಬ್ಬನ ಬೂಟಿಗೆ, ಇನ್ನೊಬ್ಬನ ಬಾಯಿಗೆ ಹೇಸಿ ವಾಪಸ್ ಕಳಿಸಿದ್ದಳು.

ಸೆರಗಿನಿಂದ ಮೂಗು ಮುಚ್ಚಿಕೊಂಡೇ ಪೇಪರಿನಲ್ಲಿ ಸುತ್ತಿದ ಎಲೆಯನ್ನು ಮೇಜಿನ ಮೇಲಿಟ್ಟಳು. ಹಿತ್ತಲಲ್ಲಿ ಕಸದ ಗುಂಡಿಯ ಪಕ್ಕ ಒಂದು ವಿಚಿತ್ರ ಎದ್ದಿದೆ, ಒಂದೇ ದಂಟು, ದಂಟಿನ ಮೈಮೇಲೆಲ್ಲ ಹಾವಿನ ಹಾಗೆ ಮಚ್ಚೆ, ತುದಿಯಲ್ಲಿ ಕೊಡೆಯಂಥ ಒಂದೇ ಎಲೆ ಅಂತ ವಿವರಿಸಿದಳು. ಅತ್ತಿಗೆ ಕಿತ್ತೆಸೆ ಅಂತಾಳೆ, ಅಣ್ಣ ಇರಲಿ ಅಂತಾನೆ, ಮನೆಯಲ್ಲಿ ಕೂಸಿದೆ, ವಿಷದ್ದೋ ಏನೋ ನೋಡಿ ಹೇಳಿ ಅಂದಳು.

ಅವನು ಎಲೆಯನ್ನು ನಾಲ್ಕು ಸಲ ಮಗುಚಿದ.

"ಗೆಡ್ಡೆ ಜಾತಿ. ಯಾವ ಗೆಡ್ಡೆ ಅಂತ ಎಲೆ ನೋಡಿ ಹೇಳಲ್ಲ. ತಿನ್ನೋದೂ ಕಾಡಿನದೂ ಅಣ್ಣತಮ್ಮಂದಿರ ಹಾಗೆ ಇರ್ತವೆ. ಹೂ ಬಿಡಲಿ, ಆಮೇಲೆ ಹೇಳ್ತೀನಿ. ಅಲ್ಲಿವರೆಗೂ ಕೂಸಿನ ಕೈಗೆ ಸಿಗದ ಹಾಗೆ ಬೇಲಿ ಕಟ್ಟಿ."

ಯಾವಾಗ ಬಿಡುತ್ತೆ ಅಂದರೆ, ಮುಂದಿನ ವರ್ಷ ಇರಬಹುದು, ಅದರಾಚೆ ವರ್ಷವೂ ಇರಬಹುದು ಅಂದು ವಿಳಾಸ, ಫೋನ್ ನಂಬರ್ ಬರೆದುಕೊಂಡ. ಒಂದು ಹೆಸರು ಹೇಳೋಕೆ ಇಷ್ಟು ಬಿಂಕವಾ ಅಂತ ದಾರಿಯುದ್ದಕ್ಕೂ ಬೈಕೊಂಡು ಬಂದಳು.

ಶನಿವಾರ ನೋಡಿದರೆ ಗೇಟಿನ ಹತ್ತಿರ ಅವನೇ, ಕೈಯಲ್ಲಿ ಅಳತೆ ಟೇಪು. ಮುಂದಿನ ಶನಿವಾರವೂ ಬಂದ. ಅದರ ಮುಂದಿನದಕ್ಕೂ. ಅತ್ತಿಗೆ 'ನಿನ್ನ ನುಸಿಗುಳಿಗೆ ಬಂದ ನೋಡು' ಅಂತ ಕಣ್ಣು ಮಿಟುಕಿಸೋಳು. ಅವಳು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ಹತ್ತು ಅಡಿ ದೂರ ನಿಂತು ಮಾತಾಡೋಳು.

ಒಂದು ಸಲ ಹೊಸ ಸೋಪು ಎಸೆದು, ಪರಿಮಳ ಹೇಗಿದೆ ಅಂದಳು. ಕಂಡವರೆಲ್ಲ ಆಹಾ ಅಂದಿದ್ದ ಸೋಪು ಅದು. ಅವನು ಮೂಸಿ ನೋಡಿ, ನನಗೆ ಗೊತ್ತಾಗಲ್ಲ, ಗೊತ್ತಾಗದ್ದನ್ನ ಚೆನ್ನಾಗಿದೆ ಅನ್ನಲ್ಲ ಅಂದ. ಅವಳಿಗೆ ನಗು ಬಂತು. ಆಮೇಲೆ ರಾತ್ರಿ ಊಟ ಮಾಡುವಾಗಲೂ ಬಂತು.

*ಇವನು ಒಂದು ದಿನ ನೀನು ಇಷ್ಟ ಅಂದರೆ, ಅದು ನಿಜವೇ ಇರುತ್ತೆ...*

ಬೇಸಿಗೆಗೂ ಮೊದಲೇ ಎಲೆ ಹಳದಿಯಾಗಿ ದಂಟು ನೆಲಕ್ಕೊರಗಿತು. ಅವನು ಆ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ದಾರ ಕಟ್ಟಿದ. ಕೈ ಒರೆಸಿಕೊಂಡು, ಮೊದಲ ಸಲ ಹತ್ತು ಅಡಿ ದಾಟಿ ಹತ್ತಿರ ಬಂದ.

"ಗಿಡ ಹೋಯ್ತು. ಬರೋಕೆ ಇನ್ನು ನೆಪ ಇಲ್ಲ. ನೆಪ ಇಲ್ಲದೇ ಬರಲಾ?"

ಬನ್ನಿ ಅನ್ನೋಕೆ ಅವಳು ಉಸಿರು ಎಳೆದುಕೊಂಡಳು. ಎಳೆದುಕೊಂಡದ್ದೇ ತಪ್ಪಾಯಿತು! ನುಸಿಗುಳಿಗೆ ನೆತ್ತಿಗೇರಿತು. ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಮುಖ ತೊಳೆದು ಬಂದು ನೋಡುವಾಗ ಗೇಟು ತೆರೆದಿತ್ತು, ಅವನಿರಲಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಏನಂತ ಹೇಳೋದು? ನಿಮ್ಮನ್ನು ಕಂಡರೆ ಪ್ರೀತಿ, ಮೂಸಿದರೆ ವಾಂತಿ ಅಂತಲೇ? ನಾಚಿಕೆಯಿಂದ ಒಂದು ವಾರ ಸುಮ್ಮನಿದ್ದಳು. ವಾರ ಕಳೆದ ಮೇಲೆ ಫೋನ್ ಮಾಡೋದು ಇನ್ನೂ ಕಷ್ಟವಾಯಿತು. ಹೀಗೇ ನಾಲ್ಕು ತಿಂಗಳು ಹೋದವು. ಶನಿವಾರ ಬಂದರೆ ಸಾಕು, ಹಿತ್ತಲಿಗೆ ಹೋಗಿ ಆ ದಾರ ಕಟ್ಟಿದ ಕಡ್ಡಿ ನೋಡಿ ಬರೋಳು.

ಒಂದು ಬೆಳಗ್ಗೆ ಮನೆ ತುಂಬ ಹೆಣದ ನಾತ.

ಇಲಿ ಸತ್ತಿದೆ ಅಂತ ಅತ್ತಿಗೆ ಗ್ಯಾಸ್ ಸಿಲಿಂಡರಿನ ಹಿಂದೆ, ಬೀರುವಿನ ಕೆಳಗೆ, ನೀರಿನ ಟ್ಯಾಂಕಿನಲ್ಲೂ ಹುಡುಕಿದಳು. ಅಣ್ಣ ತಿಂಡಿ ಬಿಟ್ಟೆದ್ದ. ಅವಳು ಮೂಗು ಹಿಡಿದುಕೊಂಡು ಹಿತ್ತಲಿಗೆ ಹೋದರೆ... ದಾರ ಕಟ್ಟಿದ ಕಡ್ಡಿಯ ಬುಡದಲ್ಲಿ ಅದು ಕೂತಿತ್ತು. ಎಲೆಯಿಲ್ಲ, ದಂಟಿಲ್ಲ. ಕೊಳೆತ ಪಿತ್ತಜನಕಾಂಗದ ಬಣ್ಣದ, ಸುಕ್ಕುಗಟ್ಟಿದ, ಬಕೆಟ್ಟಿನಷ್ಟು ಅಗಲದ ಹೂ. ಮಧ್ಯದಲ್ಲಿ ತೇವ ತೇವ ಗುಂಡು ತಲೆ. ಅದರ ಮೇಲೆ ನೂರಾರು ನೊಣ.

ಅತ್ತಿಗೆ ಗುದ್ದಲಿ ತಂದಳು. ಅಕ್ಕಪಕ್ಕದವರು ಗೋಡೆಯಾಚೆಯಿಂದಲೇ ಬೈಯತೊಡಗಿದರು. ಅವಳು ಹೋಗಿ ಗುದ್ದಲಿಗೂ ಹೂವಿಗೂ ನಡುವೆ ನಿಂತಳು. ಈ ಹೂ ಹೋದರೆ ಅವನನ್ನು ಕರೆಯೋಕೆ ಇದ್ದ ಒಂದೇ ನೆಪವೂ ಹೋಗುತ್ತೆ ಅಂತ ಅತ್ತಿಗೆಗೆ ಹೇಳಲಿಲ್ಲ. ಆದರೆ ಅತ್ತಿಗೆಗೆ ಅರ್ಥವಾಗಿರಬೇಕು, ಸಂಜೆವರೆಗೆ ಮಾತ್ರ, ಹೊತ್ತು ಮುಳುಗಿದರೆ ಕಡಿದು ಸುಡ್ತೀನಿ ಅಂದು ಒಳಗೆ ಹೋದಳು.

ಫೋನ್ ಮಾಡಿದಳು, ಅವನು ಎತ್ತಲಿಲ್ಲ. 'ಹೂ ಬಿಟ್ಟಿದೆ' ಅಂತ ಮೆಸೇಜ್ ಹಾಕಿದಳು. ಕಾರ್ಖಾನೆಗೆ ರಜೆ ಹೇಳಿದಾಗ, ಅಂಥ ನಾತದಲ್ಲಿ ಕೂತರೆ ಮೂಗು ಒಂದು ವಾರ ಕೆಲಸಕ್ಕೆ ಬರಲ್ಲ ಅಂತ ಮೇಲಿನವರು ರೇಗಿದರು. ಹೋದರೆ ಹೋಗಲಿ ಅಂದಳು. ನಾಯಿಯೊಂದು ಹೂವಿನ ಮೇಲೆ ಹೊರಳಾಡಲು ಬಂತು, ಓಡಿಸಿದಳು. ಕಾಗೆಗಳು ಬಂದವು, ಓಡಿಸಿದಳು. ಬಕೆಟ್ ಬೋರಲು ಹಾಕಿಕೊಂಡು ಕೂತಳು. ಮೂರು ಸಲ ವಾಂತಿ ಮಾಡಿದಳು, ಬಾಯಿ ಮುಕ್ಕಳಿಸಿ ಮತ್ತೆ ಬಂದು ಕೂತಳು.

*ಅವತ್ತು ಒಂದು ಗಳಿಗೆ ತಡೆದುಕೊಂಡಿದ್ದರೆ, ಇವತ್ತು ಇಡೀ ದಿನ ಇದರ ಮುಂದೆ ಕೂರಬೇಕಿತ್ತಾ?*

ಬಿಸಿಲು ಗೋಡೆ ಹತ್ತಿದ ಮೇಲೆ ಗೇಟು ಕಿರುಗುಟ್ಟಿತು.

ಅವನೇ. ತಲೆ ಇನ್ನೂ ಒದ್ದೆ. ಮೊದಲು ಅವಳು ಮಾಡುತ್ತಿದ್ದ ಹಾಗೆ ಈಗ ಅವನೇ ಗಾಳಿ ನೋಡಿಕೊಂಡು ಹತ್ತು ಅಡಿ ದೂರ ನಿಂತ.

"ಮಧ್ಯಾಹ್ನ ಮೆಸೇಜ್ ನೋಡಿದೆ. ಸ್ನಾನ ಮಾಡಿ ಬಂದೆ, ಅದಕ್ಕೆ ತಡ ಆಯ್ತು. ಮೂರು ಸಲ ಮಾಡಿದೆ... ವಾಸನೆ ಹೋಗಿದೆಯೋ ಇಲ್ಲವೋ ನನಗೆ ಗೊತ್ತಾಗಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಾನಿಲ್ಲಿ ಬೆಳಗ್ಗಿಂದ ಹೆಣ ಕಾಯೋ ಹಾಗೆ ಕೂತಿದೀನಿ, ನೀವು ಅಲ್ಲಿ ಸ್ನಾನ ಮಾಡ್ತಿದ್ರಾ ಅಂತ ರೇಗಿದಳು. ರೇಗುತ್ತಲೇ ಅತ್ತಳು.

"ನಿಮಗೆ ನಾನಂದ್ರೆ ಅಸಹ್ಯ ಅಂದ್ಕೊಂಡೆ" ಅಂದ ಅವನು.

"ಅಸಹ್ಯ ಆಗಿತ್ತು. ಸುಳ್ಳು ಹೇಳಲ್ಲ. ಮೂಗಿಗೆ ಆಗಿತ್ತು, ನನಗಲ್ಲ. ಅವತ್ತು ಬನ್ನಿ ಅನ್ನೋಕೇ ಉಸಿರು ಎಳ್ಕೊಂಡಿದ್ದು ನಾನು."

ಅವನ ಕಿವಿ ಕೆಂಪಾದವು. ಎಲ್ಲಿ ನೋಡಬೇಕೋ ತಿಳಿಯದೆ ಹೂವಿನ ಮುಂದೆ ಮೊಣಕಾಲೂರಿ ಕೂತ. ನೊಣ ಓಡಿಸಿ, ಭೂತಗನ್ನಡಿ ಹಿಡಿದು ನೋಡಿದ. ಕಾಡಿನದಾದರೆ ನಡುವಿನ ತಲೆ ಈಟಿಯ ಹಾಗೆ ಉದ್ದ, ಇದು ಅಣಬೆಯ ಹಾಗೆ ಗುಂಡಗಿದೆ, ತಿನ್ನೋ ಜಾತಿಯೇ, ಖಚಿತ ಅಂದ.

"ಸುವರ್ಣಗೆಡ್ಡೆ."

"ಇದಾ ಸುವರ್ಣ!"

ಅಡುಗೆಮನೆ ಬಾಗಿಲಲ್ಲಿ ಗುದ್ದಲಿ ಹಿಡಿದು ನಿಂತಿದ್ದ ಅತ್ತಿಗೆ ಹಣೆ ಚಚ್ಚಿಕೊಂಡಳು. ಹೋದ ವರ್ಷ ಸಂತೆಯಿಂದ ತಂದ ಗೆಡ್ಡೆಯ ಅರ್ಧ ಕೊಳೆತಿತ್ತು, ಗುಂಡಿಯ ಹತ್ತಿರ ಎಸೆದವಳು ತಾನೇ ಅಂತ ಒಪ್ಪಿಕೊಂಡು, ಗುದ್ದಲಿ ಗೋಡೆಗೊರಗಿಸಿ ಒಳಗೆ ಹೋದಳು.

"ಹೂ ಬಿಡಲಿ, ಹೇಳ್ತೀನಿ ಅಂದ್ರಿ, ಹೇಳಿದ್ರಿ" ಅಂದಳು ಅವಳು, ಕಣ್ಣೊರೆಸಿಕೊಂಡು. "ಅವತ್ತು ನನ್ನನ್ನೊಂದು ಮಾತು ಕೇಳಿದ್ರಲ್ಲ, ಅದನ್ನ ಮತ್ತೆ ಕೇಳಿ."

ಅವನು ಎದ್ದು ಹತ್ತಿರ ಬಂದ.

"ನೆಪ ಇಲ್ಲದೇ ಬರಲಾ?"

"ಬನ್ನಿ. ಸ್ನಾನ ಮಾಡದೇನೇ ಬನ್ನಿ."

ಅಷ್ಟು ಹೇಳಿದವಳಿಗೆ ಹೂವಿನ ನಾತ ಮತ್ತೆ ಗಂಟಲಿಗೆ ಬಂತು. ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡಿದಳು. ಒಳಗೆ ಬಗ್ಗಿ ನಿಂತಾಗ ಒಂದೇ ಯೋಚನೆ, ಅವನು ಮತ್ತೆ ಹೋಗಿಬಿಟ್ಟರೆ...

ಹೊರಗೆ ಬಂದಳು. ಬಚ್ಚಲ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ನೀರಿನ ಚೊಂಬು.

"ಹೋಗಲಿಲ್ವಾ?"

"ಇಲ್ಲ. ಈ ಸಲ ಪೂರ್ತಿ ನೋಡ್ಕೊಂಡೇ ಹೇಳೋಣ ಅಂತ ನಿಂತೆ."

"ಏನನ್ನ?"

"ನೀನು ಅಂದ್ರೆ ನಂಗಿಷ್ಟ. ಖಚಿತ."

ಅವಳು ಚೊಂಬು ಇಸಿದುಕೊಂಡು ಬಾಯಿ ಮುಕ್ಕಳಿಸಿದಳು. ಆಮೇಲೆ ಅವನ ಅಂಗಿಯ ತೋಳು ಹಿಡಿದು, ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ನಿಂತಳು.