ಡಾರೆಲ್ ಕೂರುತ್ತಿದ್ದ ಕಡೆ

ನಾನು ಹುಟ್ಟಿದ್ದು ನದಿಯ ಈಚೆ, ಮದುವೆಯಾದದ್ದು ಆಚೆ ಊರಿನ ಡಾರೆಲ್‌ನನ್ನು. ಎರಡೂ ಊರಿನ ಹೈಸ್ಕೂಲುಗಳು ನೂರು ವರ್ಷದಿಂದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಫುಟ್‌ಬಾಲ್‌ನಲ್ಲಿ ಸೆಣಸುತ್ತವೆ. ಆ ಒಂದು ದಿನ ನಾವು ಮೈದಾನದ ಎರಡು ಬದಿಗೆ, ಅವರವರ ಊರಿನವರ ಜೊತೆ, ಎದುರುಬದುರು ಕೂರುತ್ತಿದ್ದೆವು.

ಮಾರ್ಚಿನಲ್ಲಿ ಅವನು ತೀರಿಕೊಂಡ. ಈ ಸಲ ನಾನು ಅವನ ಕಡೆಗೇ ಹೋದೆ. ಬೆಂಚಿನುದ್ದಕ್ಕೂ ಇಬ್ಬನಿ ಹೆಪ್ಪುಗಟ್ಟಿತ್ತು. ಅವನ ಜಾಗ ಮಾತ್ರ ಒಣಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ನಾನು ಪಕ್ಕದಲ್ಲಿ ಕೂತೆ.

ನನ್ನ ಅಣ್ಣ ಬ್ರೆಟ್ ನಮ್ಮೂರಿನ ಕಡೆಯಿಂದ ಮೈದಾನ ಸುತ್ತಿ ಬಂದ. "ಎದ್ದೇಳೇ ಕೆಂಡ್ರಾ. ಗಂಡನೇ ಇಲ್ಲ, ಈ ಸೋಲುಬುರುಕರ ಜೊತೆ ನಿಂಗೇನು ಕೆಲ್ಸ?"

"ಅವನು ಸತ್ತ ಅಂತ ಅವನ ಕಡೆಯನ್ನ ನಾನು ಬಿಟ್ಟುಕೊಡಲ್ಲ."

ನಗುತ್ತಾ ಡಾರೆಲ್‌ನ ಜಾಗದಲ್ಲಿ ಕೂತವನು ತಟ್ಟನೆ ಎದ್ದ. "ಇಲ್ಲಿ ಈಗ್ತಾನೆ ಯಾರು ಕೂತಿದ್ರು?"

"ನಿನ್ನ ಕಡೆಗೆ ಹೋಗು," ಎಂದೆ.

ನಾವು, ಡಾರೆಲ್‌ನ ಕಡೆಯವರು, ಸೋತೆವು. ಎಲ್ಲರೂ ಹೋದ ಮೇಲೆ ಹಿಮ ಬಿತ್ತು. ನಾನು ಎದ್ದ ಜಾಗವೂ ಬೆಳ್ಳಗಾಯಿತು. ಅವನದು ಆಗಲಿಲ್ಲ.