ಅಳುವ ಕೋಣೆಯ ಉಪ್ಪುನೀರು

ಸೀಸೆಗಳಲ್ಲಿ ಕಣ್ಣೀರೇ ಇರಲಿಲ್ಲ. ಇದ್ದದ್ದು ಬರೀ ಉಪ್ಪುನೀರು!

ಸೀಸೆಗಳ ಪರೀಕ್ಷೆಯ ವರದಿ ಓದಿದ ಡಾ. ಗ್ರೆಟಾ ಹಾಲ್ವರ್ಸನ್ ಅದನ್ನು ಮೇಜಿನ ಮೇಲೆ ಕುಕ್ಕಿದರು. ಹೆಂಗಸರ ಕಣ್ಣೀರಿನಲ್ಲಿ ನಮ್ಮ ಅರಿವಿಗೇ ಬಾರದ ಏನೋ ಇದೆ. ಅದನ್ನು ಮೂಸಿದ ಗಂಡಸರ ಹಾರ್ಮೋನು ಇಳಿಯುತ್ತದೆ, ಮಿದುಳಿನ ಸಿಟ್ಟು ತಣ್ಣಗಾಗುತ್ತದೆ. ಮಿಲ್ವಾಕಿ ನಗರದ ಅವರ ಪ್ರಯೋಗಾಲಯ ವರ್ಷಗಳಿಂದ ಬೆನ್ನು ಹತ್ತಿದ್ದು ಇದನ್ನೇ. ಕ್ರಿಸ್‌ಮಸ್‌ವರೆಗೆ ಎಲ್ಲ ಸರಿಯಿತ್ತು. ಆಮೇಲೆ ಯಾವ ಗಂಡಸಿನ ಹಾರ್ಮೋನೂ ಇಳಿಯಲೊಲ್ಲದು.

ಫ್ರಿಜ್ಜಿನ ಬೀಗದ ಕೈ ಇದ್ದದ್ದು ಸಂಶೋಧನಾ ವಿದ್ಯಾರ್ಥಿ ಡೇರಿಯಸ್ ಹತ್ತಿರ. ಇನ್ನು ಕೇಳಬೇಕೆ? ಸೀಸೆ ಒಡೆದು, ತಪ್ಪು ಮುಚ್ಚಿಕೊಳ್ಳಲು ಉಪ್ಪುನೀರು ತುಂಬಿದ್ದಾನೆ ಎಂದು ಹಾಲ್ವರ್ಸನ್ ಅಂದೇ ಡೀನ್‌ಗೆ ಬರೆದುಬಿಟ್ಟರು. ಸಾಬೀತಾದರೆ ಅವನಿಗೆ ಡಾಕ್ಟರೇಟ್ ಇಲ್ಲ. ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ವಿಚಾರಣೆಗೆ ಬಂದವರು ಓಪಲ್ ರಿಡ್ಲಿ. ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲು ವಿಮೆಯ ಆಸೆಗೆ ಅಂಗಡಿಗೆ ತಾವೇ ಬೆಂಕಿಯಿಟ್ಟುಕೊಂಡವರನ್ನು ಹಿಡಿಯುತ್ತಿದ್ದ ಹೆಂಗಸು. ಅವರನ್ನು ಅಳುವ ಕೋಣೆಗೆ ಕರೆದೊಯ್ದದ್ದು ಡೇರಿಯಸ್.

"ಕಣ್ಣೀರು ಕೊಡೋರು ಯಾರಪ್ಪಾ?"

"ಈಗ ಒಬ್ಬರೇ ಮೇಡಂ, ಐರೀನ್ ನೊವಾಕ್. ಗಂಡ ತೀರಿಹೋಗಿದ್ದಾರೆ. ದುಃಖದ ಸಿನಿಮಾ ಒಂಚೂರು ಹಾಕಿದ್ರೆ ಸಾಕು, ಸೀಸೆ ತುಂಬಿಸ್ತಾರೆ."

"ನೀನು ಪಕ್ಕದಲ್ಲೇ ಇರ್ತೀಯಾ?"

"ಅಯ್ಯೋ, ಯಾರಾದ್ರೂ ಮುಖ ನೋಡ್ತಾ ಕೂತ್ರೆ ಅಳು ಬರುತ್ತಾ? ಬಾಗಿಲು ಹಾಕ್ಕೊಂಡು ಆಚೆ ನಿಂತಿರ್ತೀನಿ."

ಓಪಲ್ ಅಳುವ ಕೋಣೆಯೊಳಗೆ ಕಣ್ಣಾಡಿಸಿದರು. ಸೋಫಾ, ಟಿವಿ, ಕನ್ನಡಿ, ಟಿಶ್ಯೂ ಡಬ್ಬ — ಮತ್ತೊಂದು ಬಾಟಲಿ.

"ಇದೇನು?"

"ಉಪ್ಪುನೀರು, ಹೋಲಿಸಿ ನೋಡೋಕೆ. ಅದನ್ನೂ ಅವರ ಕೆನ್ನೆ ಮೇಲೇ ಹರಿಸಿ ಇನ್ನೊಂದು ಸೀಸೇಲಿ ಹಿಡೀಬೇಕು. ಇಲ್ದಿದ್ರೆ ಚರ್ಮದ ವಾಸನೆ ಕಣ್ಣೀರಲ್ಲಿ ಮಾತ್ರ ಇರುತ್ತಲ್ಲ?"

"ಹರಿಸೋದು ಯಾರು?"

"ಅವರೇ."

"ಹೂಂ... ಈ ಕಸದ ಬುಟ್ಟಿ?"

"ನಾನೇ ಖಾಲಿ ಮಾಡೋದು. ಆದ್ರೆ ಈಚೆಗೆ ಅದು ತುಂಬೋದೇ ಇಲ್ಲ."

ಓಪಲ್ ತಟ್ಟನೆ ಅವನತ್ತ ತಿರುಗಿದರು. "ಐರೀನ್‌ನ ಕರೆಸು. ನಿಮ್ಮ ಡಾಕ್ಟರೂ ಬರ್ಲಿ."

ಐರೀನ್ ಹೊಸ ಕೆಂಪು ಸ್ಕಾರ್ಫ್ ಕಟ್ಟಿಕೊಂಡು ಬಂದರು. ಹಾಲ್ವರ್ಸನ್ ಗಡಿಯಾರ ನೋಡುತ್ತ ನಿಂತಿದ್ದರು.

"ಡಾಕ್ಟರೇ," ಎಂದರು ಓಪಲ್, "ನಿಮ್ಮ ಕಸುಬೇ ಮೂಗು. ಹೇಳಿ, ಕಣ್ಣು ತುಂಬಿ ಅತ್ತರೆ ಜೊತೆಗೆ ಸೋರೋದು ಏನು?"

"ಮೂಗು. ಕಣ್ಣೀರಿನ ಕೊಳವೆ ಮೂಗಿಗೇ ತಾನೆ..." ಹಾಲ್ವರ್ಸನ್ ಮಾತು ಅರ್ಧಕ್ಕೇ ನಿಂತಿತು.

"ಬುಟ್ಟೀಲಿ ಒಂದೇ ಒಂದು ಟಿಶ್ಯೂ ಇಲ್ಲ! ಸೀಸೆ ಸೀಸೆ ಅತ್ತವರು ಮೂಗೇ ಒರೆಸಲಿಲ್ವಾ? ನೀವೆಲ್ಲ ಫ್ರಿಜ್ಜಿನ ಬೀಗ ನೋಡ್ತಾ ಕೂತ್ರಿ. ಮೋಸ ಆಗಿದ್ದು ಸೀಸೆ ಫ್ರಿಜ್ಜಿಗೆ ಹೋಗೋಕೆ ಮೊದ್ಲೇ. ಬಾಗಿಲು ಹಾಕಿದ ಮೇಲೆ ಎರಡು ಸೀಸೇಗೂ ಒಂದೇ ಬಾಟಲಿ ನೀರು. ಅಲ್ವಾ, ಐರೀನ್?"

ಐರೀನ್ ಮುಖ ಬಿಳಿಚಿತು. ಸೋಫಾದ ಮೇಲೆ ಕುಸಿದು ಕೂತರು.

"ನನ್ನ ಗಂಡ ಸ್ಟಾನ್ ಹೋಗಿ ಎರಡು ವರ್ಷ ತುಂಬಿಲ್ಲ. ನಂಗೆ ಅಳುನೇ ಬರ್ತಿಲ್ಲ. ಶುಕ್ರವಾರ ಚರ್ಚಲ್ಲಿ ಮೀನೂಟಕ್ಕೆ ಹೋಗ್ತೀನಲ್ಲ, ಅಲ್ಲೊಬ್ಬ ಪಕ್ಕದಲ್ಲಿ ಬಂದು ಕೂರ್ತಾನೆ. ಬಸ್ ಡ್ರೈವರು. ಅವನ ಜೋಕು ದೇವರಿಗೇ ಪ್ರೀತಿ! ಆದ್ರೂ ನಗು ಬರುತ್ತೆ. ಇಲ್ಲಿ ಸಿನಿಮಾ ನೋಡ್ತಿದ್ರೂ ಅದೇ ನೆನಪು. ಗಂಡನ್ನ ಇಷ್ಟು ಬೇಗ ಮರೆತ್ಬಿಟ್ಟೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನನ್ನ ಬದುಕೇ ಹೋಗ್ತಿತ್ತು, ಐರೀನ್!" ಡೇರಿಯಸ್ ಕೂಗಿದ.

"ನಿನ್ನ ತಲೆ ಮೇಲೆ ಬಂತು ಅಂತ ಗೊತ್ತಿರ್ಲಿಲ್ಲ ಮಗೂ, ದೇವರಾಣೆ."

ಅವನಿಗೆ ಇನ್ನಷ್ಟು ರೇಗಬೇಕೆನಿಸಿತು. ಆದರೆ ಮುಚ್ಚಿದ ಬಾಗಿಲಿನೊಳಗೆ ಈ ಹೆಂಗಸು, ತಾನು ಸುಖವಾಗಿದ್ದೇನೆಂದು ನಾಚಿ, ಕೆನ್ನೆಗೆ ನೀರು ಸುರಿದುಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಸಿಟ್ಟು ಅರ್ಧಕ್ಕರ್ಧ ಇಳಿದೇಹೋಯಿತು.

ಉಳಿದರ್ಧ ಬೇರೆಯವರಿಗೆ ಸೇರಿದ್ದು.

"ಡೇರಿಯಸ್, ನಾನು ದುಡುಕಿದೆ" ಎಂದರು ಹಾಲ್ವರ್ಸನ್.

"ಡೀನ್‌ಗೂ ಅದನ್ನೇ ಬರೀರಿ ಡಾಕ್ಟರ್. ಆವತ್ತು ಬರೆದಷ್ಟೇ ಬೇಗ. ನೀವು ಕಳಿಸೋವರೆಗೂ ನಾನು ಇಲ್ಲೇ ನಿಂತಿರ್ತೀನಿ."

ಹಾಲ್ವರ್ಸನ್ ಹೋಗಿ ಕಂಪ್ಯೂಟರಿನ ಮುಂದೆ ಕೂತರು.